ಸೆರಗಿನೊಳಗಿನ ರೇಟು

ಶೆಡ್ಡಿನ ಮಾಲೀಕರು ಚಹಾ ಕುಡಿದು, ಲೋಟ ಕೆಳಗಿಟ್ಟು, ನನ್ನ ಮುಖ ನೋಡದೆ ಒಲೆಗಳ ಕಡೆ ನೋಡುತ್ತ ವಿಷಯ ಹೇಳಿದರು.

"ಅಕ್ಕಾರ, ಈ ಜಾಗ ಮಾರಾಕತ್ತೀನ್ರಿ. ಗೊಬ್ಬರದ ಗೋದಾಮಿಗಂತ ಒಬ್ರು ಕೇಳ್ಯಾರ. ಆದ್ರ ನಿಮಗs ಕೊಡಬೇಕಂತ ನನ್ನ ಮನಸ್ಸದ. ಹೊಸ ತೊಗರಿ ಬಜಾರಿಗೆ ಬರೂತನ ಕಾಯ್ತೀನಿ. ಆಮ್ಯಾಲ ನನಗ ರೊಕ್ಕ ಬೇಕು, ಮಾಲು ಹಿಡೀಬೇಕು."

ಅವರದು ಬೇಳೆ ಮಿಲ್ಲು. ಅವರ ವರ್ಷ ಶುರುವಾಗುವುದೂ ಮುಗಿಯುವುದೂ ತೊಗರಿಯಿಂದ. ಆಗಿನ್ನೂ ಯುಗಾದಿಯ ಬೇವು ಬಾಯಲ್ಲಿತ್ತು. ತೊಗರಿ ಬಿತ್ತುವುದಕ್ಕೇ ಮಳೆ ಬರಬೇಕು, ಬೆಳೆದು ಒಣಗಿ ರಾಶಿಯಾಗಬೇಕು. ಬೇಕಾದಷ್ಟು ಹೊತ್ತಿದೆ ಎಂದುಕೊಂಡೆ.

ಕಲಬುರಗಿಯ ಅಂಚಿನ ನಂದೂರಿನ ಆ ಶೆಡ್ಡಿನಲ್ಲಿ ನನ್ನ ಜೋಳದ ರೊಟ್ಟಿ ಕೇಂದ್ರ ನಡೆಯುತ್ತದೆ. ಹನ್ನೊಂದು ಜನ ಹೆಣ್ಣುಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಒಲೆ. ಸುತ್ತಲಿನ ಕಾರ್ಖಾನೆಗಳ ಕ್ಯಾಂಟೀನಿಗೆ, ಊರೊಳಗಿನ ಖಾನಾವಳಿಗಳಿಗೆ, ಮದುವೆಮನೆಗಳಿಗೆ ನಮ್ಮ ರೊಟ್ಟಿ ಹೋಗುತ್ತದೆ. ಬೇರೆ ಜಾಗ ಹುಡುಕಬಾರದಿತ್ತೇ ಎಂದು ನೀವು ಕೇಳಬಹುದು. ಹಿಂದೆ ಎರಡು ಕಡೆ ಬಾಡಿಗೆಗಿದ್ದೆ. ರೊಟ್ಟಿ ಎಲ್ಲರಿಗೂ ಬೇಕು, ಹೊಗೆ ಯಾರಿಗೂ ಬೇಡ. ಓಣಿಯವರು ಮೊದಲು ಮೂಗು ಮುಚ್ಚಿಕೊಂಡರು, ಆಮೇಲೆ ಜಗಳಕ್ಕೆ ಬಂದರು. ಇಲ್ಲಿ ಮಿಲ್ಲುಗಳ ಧೂಳಿನ ನಡುವೆ ನಮ್ಮ ಹೊಗೆಯನ್ನು ಯಾರೂ ಕೇಳುತ್ತಿರಲಿಲ್ಲ. ಈ ಶೆಡ್ಡು ಕೈಬಿಟ್ಟರೆ ಕೇಂದ್ರ ಮುಚ್ಚಿದಂತೆಯೇ.

ಶೆಡ್ಡಿಗೆ ಅವರು ಕೇಳಿದ್ದು ಐವತ್ತೈದು ಲಕ್ಷ. ನನ್ನ ಹತ್ತಿರ ಇದ್ದದ್ದು ಒಂದೇ ಆಸ್ತಿ, ಊರೊಳಗೆ ಐವಾನ್-ಎ-ಶಾಹಿ ಬಡಾವಣೆಯ ಕಡೆ ಮೂವತ್ತು ನಲವತ್ತರ ಸೈಟಿನಲ್ಲಿ ನನ್ನ ಗಂಡ ಕಟ್ಟಿಸಿದ ಮನೆ. ಅವರು ತೀರಿಹೋದ ಮೇಲೆ ಅದು ನನ್ನ ಹೆಸರಿಗೆ ಬಂದಿತ್ತು. ಮಗಳು ಮದುವೆಯಾಗಿ ಬೀದರಿನಲ್ಲಿದ್ದಾಳೆ. ನಾನೊಬ್ಬಳೇ ಎಲ್ಲಿ ಮಲಗಿದರೇನು, ಶೆಡ್ಡಿನ ಹಿಂದಿನ ಖೋಲಿಯಲ್ಲಿ ಇರುತ್ತೇನೆ ಎಂದು ಮನೆ ಮಾರಲು ಹೊರಟೆ.

ಬೆಲೆ ಕಟ್ಟಿದವರು ನನ್ನ ಭಾವ, ಅಂದರೆ ಗಂಡನ ಅಣ್ಣ. ಸರ್ಕಾರಿ ನೌಕರಿಯಿಂದ ನಿವೃತ್ತರು. ಈ ಮನೆ ಕಟ್ಟುವಾಗ ತಮ್ಮನ ಜೊತೆ ನಿಂತು ಶಹಾಬಾದಿನಿಂದ ಬಂದ ಹಾಸುಗಲ್ಲುಗಳನ್ನು ಒಂದೊಂದಾಗಿ ಬಡಿದು ನೋಡಿ ಇಳಿಸಿಕೊಂಡವರು. ಅವರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಲೆಕ್ಕ ಮಾಡಿದರು. ಸೈಟಿಗೆ ಇಷ್ಟು, ಇವತ್ತು ಇಂಥ ಮನೆ ಕಟ್ಟಿಸಿದರೆ ಎಷ್ಟಾಗುತ್ತದೋ ಅಷ್ಟು, ಸಾಗವಾನಿ ಬಾಗಿಲಿಗೆ ಬೇರೆ.

"ನಮ್ಮ ಓಣಿ ಮೂಲಿ ಮನಿ ಎಂಬತ್ತೈದು ಲಕ್ಷಕ್ಕ ಹೋಗ್ಯದ. ನಮ್ದು ಎಂಬತ್ತು. ಒಂದು ರೂಪಾಯಿ ಕಮ್ಮಿ ಇಲ್ಲ. ನನ್ನ ತಮ್ಮ ಕಟ್ಟಿಸಿದ್ದು."

ನನಗೆ ಖುಷಿಯಾಯಿತು ಎಂದೇ ಹೇಳಬೇಕು. ಶೆಡ್ಡಿನ ರೊಕ್ಕ ಹೋಗಿಯೂ ಇನ್ನಷ್ಟು ಉಳಿಯುತ್ತದೆ, ಹಿಟ್ಟಿನ ಗಿರಣಿ ಹಾಕಿಸಬಹುದು, ತಗಡು ಬದಲಿಸಬಹುದು ಎಂದು ಅವತ್ತೇ ಖರ್ಚು ಮಾಡಿ ಮುಗಿಸಿದೆ.

ಮನೆ ತೋರಿಸುವ ಕೆಲಸ ಒಬ್ಬ ಹಳೆಯ ಏಜೆಂಟರಿಗೆ ಕೊಟ್ಟೆವು. ಊರಿಗೆಲ್ಲ ಅವರು ಚಾಚಾ. ಎಂಬತ್ತು ಎಂದಾಗ ಅವರು ಗಡ್ಡ ಕೆರೆದುಕೊಂಡರು. "ದೇಖೋ ಬೆಹನ್, ಬಜಾರ್ ಏಕದಂ ಠಂಡಾ ಅದ. ನೀವು ಹೇಳಿದ್ದು ನಾ ಹೇಳ್ತೀನಿ. ಮಗರ್ ತಗೊಳ್ಳಾವ ಏನಂತಾನ ಅದೂ ಕೇಳ್ಬೇಕಾಗ್ತದ." ಭಾವ ಅವರನ್ನು ಬಾಗಿಲ ತನಕವೂ ಕಳಿಸಲಿಲ್ಲ.

ಮನೆಗೆ ಬಣ್ಣ ಹೊಡೆಸಿದೆ. ಹಾಸುಗಲ್ಲಿಗೆ ಪಾಲಿಶ್ ಹಾಕಿಸಿದೆ. ಬೇಸಿಗೆಯ ಆ ಬಿಸಿಲಿನಲ್ಲಿ ಜನ ಬಂದರು. ಮೇಷ್ಟ್ರು ದಂಪತಿ ಬಂದರು, ಮಿಲ್ಲಿನ ಸೂಪರ್‌ವೈಸರ್ ಒಬ್ಬರು ಬಂದರು, ಆಸ್ಪತ್ರೆಯ ನರ್ಸ್ ಒಬ್ಬರು ತಮ್ಮ ಅಣ್ಣನ ಜೊತೆ ಬಂದರು. ಎಲ್ಲರೂ ನಿಂಬೆ ಶರಬತ್ತು ಕುಡಿದರು. ದಕ್ಷಿಣ ಬಾಗಿಲು ಎಂದು ಒಬ್ಬರು, ನಳದ ನೀರು ಎಷ್ಟು ದಿನಕ್ಕೊಮ್ಮೆ ಎಂದು ಇನ್ನೊಬ್ಬರು, ಕಾರು ಒಳಗೆ ಬರುವುದಿಲ್ಲ ಎಂದು ಮತ್ತೊಬ್ಬರು. ಯಾರೂ ಬೇಡ ಅನ್ನಲಿಲ್ಲ. ಹೋಗುವಾಗ "ಮನ್ಯಾಗ ಕೇಳಿ ಹೇಳ್ತೀವ್ರಿ" ಅಂದರು. ಒಬ್ಬರೂ ಫೋನ್ ಮಾಡಲಿಲ್ಲ.

ಮಳೆ ಬಿತ್ತು. ತೊಗರಿ ಬಿತ್ತಿದರು. ಭಾವನ ಕೈಕಾಲು ಹಿಡಿದು ಎಪ್ಪತ್ತೆಂಟಕ್ಕೆ ಇಳಿಸಿದೆ. ಯಾರೂ ಬರಲಿಲ್ಲ. ಎಪ್ಪತ್ತಾರು ಮಾಡಿದೆವು. ಆಮೇಲೆ ಎಪ್ಪತ್ತೈದು. ಒಂದೊಂದು ಮೆಟ್ಟಿಲು ಇಳಿಯುವಾಗಲೂ ಭಾವ ಎರಡು ದಿನ ಮಾತು ಬಿಡುತ್ತಿದ್ದರು. ಚಾಚಾ ಫೋನಿನಲ್ಲಿ ನಕ್ಕರು. "ಹಿಂಗ ಜರಾ ಜರಾ ಇಳಿದ್ರ ತಗೊಳ್ಳಾವ ಏನ್ ತಿಳ್ಕೋತಾನ? ಇನ್ನಾ ಇಳೀತಾರ, ಕಾಯೋಣ ಅಂತಾನ. ನೀವು ಅವನ ಹತ್ರ ಹೋಗಾಕತ್ತಿಲ್ಲ, ಅವನ್ನ ಕಾಯ್ಕೋತ ಕೂಡಿಸಾಕತ್ತೀರಿ."

ಶ್ರಾವಣದಲ್ಲಿ ಕಮಲಾಪುರದ ಗಂಡ ಹೆಂಡತಿ ಬಂದರು. ಕೆಂಪು ಬಾಳೆಯ ತೋಟದವರು. ಇಬ್ಬರು ಹೆಣ್ಣುಮಕ್ಕಳು ಕಲಬುರಗಿಯ ಕಾಲೇಜಿಗೆ ಸೇರಿದ್ದರು, ಹಾಸ್ಟೆಲ್ಲಿನ ಊಟ ಒಗ್ಗಿರಲಿಲ್ಲ. ಗಂಡ ಜಗುಲಿಯಲ್ಲಿ ಕೂತುಬಿಟ್ಟ. ಮನೆ ನೋಡಿದ್ದು ಹೆಂಡತಿ. ಎತ್ತರದ ಆಳು, ಕೈತುಂಬ ಹಸಿರು ಬಳೆ. ಎಲ್ಲ ನಳ ತಿರುಗಿಸಿದಳು, ಗೋಡೆ ಬಡಿದಳು, ಮಾಳಿಗೆ ಹತ್ತಿ ನೀರಿನ ಟಾಕಿಯೊಳಗೆ ಇಣುಕಿದಳು. ಕೊನೆಗೆ ಪಡಸಾಲೆಯ ಹಾಸುಗಲ್ಲಿನ ಮೇಲೆ ಸೆರಗು ಸರಿಮಾಡಿಕೊಂಡು ಅಂಗಾತ ಮಲಗಿಯೇಬಿಟ್ಟಳು. ಭಾವ ದಂಗಾಗಿ ನನ್ನನ್ನು ನೋಡಿದರು. ಅವಳು ಕಣ್ಣು ಮುಚ್ಚಿಕೊಂಡೇ "ತಂಪದ" ಅಂದಳು. ಆ ಕಲ್ಲಿನ ಮೇಲೆ ಬೇಸಿಗೆಯಿಡೀ ನಾನೂ ಹಾಗೇ ಮಲಗುತ್ತಿದ್ದೆ.

ಭಾವ ಗಂಟಲು ಸರಿಮಾಡಿಕೊಂಡು "ಎಪ್ಪತ್ತೈದು, ಚೌಕಾಶಿ ಇಲ್ಲ" ಅಂದರು. ಗಂಡ ಎದ್ದು ನಿಂತ. "ಮನ್ಯಾಗ ಕೇಳಿ ಹೇಳ್ತೀವ್ರಿ." ಮನೆಯವಳು ಪಕ್ಕದಲ್ಲೇ ನಿಂತಿದ್ದಳು.

ದಸರೆಯ ಹೊತ್ತಿಗೆ ಕೇಂದ್ರದಲ್ಲಿ ಮಾತು ಕಡಿಮೆಯಾಯಿತು. ಹಿಟ್ಟು ನಾದುವಾಗ ಹಾಡುತ್ತಿದ್ದವರು ಸುಮ್ಮನೆ ನಾದತೊಡಗಿದರು. ಎಲ್ಲರಿಗಿಂತ ಹಿರಿಯಳನ್ನು ನಾವು ದೊಡ್ಡಾಕಿ ಎಂದೇ ಕರೆಯುತ್ತೇವೆ. ಅವಳು ಒಂದು ದಿನ ಒಲೆ ಆರಿಸಿ ನನ್ನ ಹತ್ತಿರ ಬಂದು ನಿಂತಳು.

"ಅಕ್ಕಾರ, ನಾವು ಬ್ಯಾರೆ ಕಡಿ ಕೆಲಸ ನೋಡ್ಕೋಬೇಕೇನ್ರಿ? ಈಗs ಹೇಳಿಬಿಡ್ರಿ. ಗೊಬ್ಬರದ ಚೀಲ ಬಂದ ಮ್ಯಾಲ ಹೇಳಬ್ಯಾಡ್ರಿ."

ಏನೂ ಆಗುವುದಿಲ್ಲ ಎಂದು ಗದರಿಸಿ ಕಳಿಸಿದೆ. ಅವಳು ಹೋದ ಮೇಲೆ ಹಿಟ್ಟಿನ ಚೀಲದ ಹಿಂದೆ ಕೂತು ಅತ್ತೆ.

ನನ್ನ ದಂಧೆಯಲ್ಲಿ ರೊಟ್ಟಿ ಎರಡು ಥರ. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ, ಹೇಳಿದ ರೇಟಿಗೇ ಕೂತಿರಬಹುದು. ಬಿಸಿ ರೊಟ್ಟಿ ಸಂಜೆಯೊಳಗೆ ಹೋಗಲೇಬೇಕು. ಮಧ್ಯಾಹ್ನ ದಾಟಿದರೆ ನಾನೇ ರೇಟು ಇಳಿಸುತ್ತೇನೆ, ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಮನೆ ಕಲ್ಲು ಸಿಮೆಂಟಿನದು, ಕೆಡುವುದೇನಿದೆ ಎಂದು ಖಡಕ್ ರೊಟ್ಟಿಯ ಹಾಗೆ ಮಾರಲು ಕೂತಿದ್ದೆ. ತೊಗರಿ ಹೂವಿಗೆ ಬಂದಿತ್ತು. ನನ್ನ ಮನೆಗೆ ಸಂಜೆಯಾಗಿತ್ತು.

ಮರುದಿನ ಕೆಲಸ ಬಿಟ್ಟು, ಮೂಲೆಮನೆ ಮಾರಿ ಹೋಗಿದ್ದ ಗೆಳತಿಯನ್ನು ಹುಡುಕಿಕೊಂಡು ಹೋದೆ. ರಿಂಗ್ ರೋಡಿನ ಆಚೆ ಹೊಸ ಮನೆ ಮಾಡಿದ್ದರು. ಅಡುಗೆಮನೆಯಲ್ಲಿ ಅವಳ ಕೈ ಹಿಡಿದುಕೊಂಡು ಕೇಳಿದೆ: ನಿಮ್ಮ ಮನೆಗೆ ಖರೇ ಎಷ್ಟು ಬಂತು?

ಅವಳು ಮೊದಲು ಪಡಸಾಲೆಯ ಕಡೆ ನೋಡಿದಳು, ಗಂಡನಿದ್ದ. "ಎಂಬತ್ತೈದು ಅಂತ ನಮ್ಮವ್ರು ಹೇಳ್ಕೋತ ತಿರಗ್ಯಾರ. ಬಂದದ್ದು ಅರವತ್ತೆರಡು, ಯವ್ವಾ. ಅದೂ ಎರಡು ರೋಡಿಂದು, ಬಜಾರ್ ಛಲೋ ಇದ್ದಾಗ. ಯಾರಿಗೂ ಹೇಳಬ್ಯಾಡ, ನಿನ್ನ ಕೈ ಮುಗೀತೀನಿ."

ಸಿಟ್ಟು ನೆತ್ತಿಗೇರಿತು. ನಮ್ಮ ಕಡೆ ಮನೆ ಮಾರಿದವರು ಯಾರೂ ಬಂದಷ್ಟೇ ಹೇಳುವುದಿಲ್ಲ. ಮಾರುವುದೇ ಒಂದು ಸೋಲು, ಕಡಿಮೆಗೆ ಮಾರಿದೆ ಅನ್ನುವುದು ಇನ್ನೊಂದು ಸೋಲು. ಅದಕ್ಕೆ ಒಬ್ಬರು ಮೇಲೆ ಹಾಕಿ ಹೇಳುತ್ತಾರೆ, ಅದನ್ನು ಕೇಳಿ ಪಕ್ಕದವರು ಬೋರ್ಡು ಹಾಕಿ ವರ್ಷಗಟ್ಟಲೆ ಕಾಯುತ್ತಾರೆ. ಇಡೀ ಓಣಿ ಆ ಒಂದು ಸುಳ್ಳಿನ ಮೇಲೆ ಲೆಕ್ಕ ಹಾಕಿಕೊಂಡು ಕೂತಿತ್ತು, ನಾನೂ ಕೂತಿದ್ದೆ.

ಅಲ್ಲಿಂದ ನೇರ ಚಾಚಾರ ಹತ್ತಿರ ಹೋದೆ. ನನ್ನನ್ನು ಮಾರುವವಳೆಂದು ಹೇಳಬೇಡಿ, ಕೊಳ್ಳುವವಳೆಂದು ಕರೆದುಕೊಂಡು ಹೋಗಿ, ನನ್ನದರಂಥವೇ ಮನೆಗಳನ್ನು ತೋರಿಸಿ ಎಂದೆ. ಅವರು ಖುಷಿಯಿಂದ ಸ್ಕೂಟರ್ ತೆಗೆದರು.

ಒಂದು ತಿಂಗಳು ಬಿಡುವಾದಾಗಲೆಲ್ಲ ತಿರುಗಿ ಸುಮಾರು ಮನೆ ನೋಡಿದೆವು. ಒಂದು ಮನೆಯಲ್ಲಿ ನಿವೃತ್ತ ಯಜಮಾನರೊಬ್ಬರು ದೇವರ ಕೋಣೆಯ ಕಲ್ಲನ್ನು ಎಲ್ಲಿಂದ ತರಿಸಿದೆ, ಲಾರಿ ಎಲ್ಲಿ ಕೆಟ್ಟಿತು, ಕುಶಲಕರ್ಮಿ ಎಷ್ಟು ದಿನ ಉಳಿದ ಎಂದು ಹೇಳುತ್ತಲೇ ಇದ್ದರು. ಕಣ್ಣಲ್ಲಿ ನೀರಿತ್ತು. ನಾನು ಅವರ ಹೆಗಲ ಮೇಲಿಂದ ಸೋರಿದ ಛಾವಣಿಯ ಕಲೆ ನೋಡುತ್ತಿದ್ದೆ. ಈ ಕಲ್ಲಿಗೆ ಯಾರು ರೊಕ್ಕ ಕೊಡುತ್ತಾರೆ ಅಂತ ಮನಸ್ಸು ಅಂದಿತು. ಹೊರಗೆ ಬರುವಾಗ ನನ್ನ ಬಾಯಿಂದ ತಾನಾಗಿ ಬಂತು: "ಮನ್ಯಾಗ ಕೇಳಿ ಹೇಳ್ತೀನ್ರಿ."

ಸ್ಕೂಟರಿನ ಹತ್ತಿರ ನಿಂತು ಚಾಚಾ ನನ್ನ ಮುಖ ನೋಡಿದರು. "ಸಮಜ್ ಆಯಾ?" ತಿಳಿದಿತ್ತು.

ಹೋಟೆಲಿನಲ್ಲಿ ಕೂತು ಲೆಕ್ಕ ಮಾಡಿದೆವು. ಸೈಟಿಗೆ ಬೇರೆ, ಕಟ್ಟಡಕ್ಕೆ ಬೇರೆ. ಸೈಟಿಗೆ ಇತ್ತೀಚೆಗೆ ನಿಜವಾಗಿ ಕೈ ಬದಲಾದ ರೇಟು ಹಿಡಿದರು, ಬೋರ್ಡಿನ ಮೇಲಿನದಲ್ಲ. ನಲವತ್ತೆರಡು ಲಕ್ಷ. "ಜಮೀನಿಗೆ ವಯಸ್ಸಾಗಲ್ಲ ಬೆಹನ್, ಕಟ್ಟಡಕ್ಕ ಆಗ್ತದ." ಕಟ್ಟಡಕ್ಕೆ ಇವತ್ತಿನ ಖರ್ಚು ಬರೆದು, ಅದರ ವಯಸ್ಸು ಕಳೆದರು. ದಕ್ಷಿಣ ಬಾಗಿಲಿಗೆ, ಕಾರು ನಿಲ್ಲದ್ದಕ್ಕೆ ಮತ್ತಷ್ಟು. ಸಾಗವಾನಿ ಬಾಗಿಲಿಗೆ ಏನೂ ಇಲ್ಲ. ಉಳಿದದ್ದು ಹದಿನಾರು. ಒಟ್ಟು ಐವತ್ತೆಂಟು.

ಶೆಡ್ಡು ಬರುತ್ತದೆ, ಅದರ ನೋಂದಣಿ ಖರ್ಚು ಹೇಗೋ ಆಗುತ್ತದೆ. ಗಿರಣಿ ಇಲ್ಲ, ತಗಡು ಇಲ್ಲ, ಕೈಯಲ್ಲಿ ಏನೂ ಇಲ್ಲ. ಐವತ್ತೆಂಟಕ್ಕೆ ಕೊಡುತ್ತೇನೆ ಎಂದೆ. ಒಂದೇ ಸಲ ಇಳಿಯುತ್ತೇನೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕಮಲಾಪುರದವರಿಗೆ ಫೋನ್ ಹಚ್ಚಿ ಎಂದೆ. ಚಾಚಾ ಬೆಲೆ ಬಾಯಿಬಿಡದೆ ಮಾತಾಡಿದರು, ಅವರು ತಮ್ಮ ಮನೆಗೇ ಬನ್ನಿ ಅಂದರು.

ಭಾವನಿಗೆ ಹೇಳಲು ಹೋದರೆ ಅವರು ಊಟದ ತಾಟಿನ ಮುಂದಿನಿಂದ ಎದ್ದರು. "ಐವತ್ತೆಂಟಾ? ಅವನ ಹೆಸರು ಮಣ್ಣಾಗ ಹಾಕ್ತೀಯೇನವ್ವಾ? ನಾಳಿ ಓಣ್ಯಾಗ ನಾ ಹ್ಯಾಂಗ ತಿರಗಾಡ್ಲಿ?" ಆಮೇಲೆ ಕೈ ತೊಳೆದುಕೊಂಡು ಬಂದು, "ನಾನೂ ಬರ್ತೀನಿ. ನಾ ಮಾತಾಡ್ತೀನಿ" ಅಂದರು. ಅವರು ಮಾತಾಡಿದರೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಬೇಡ ಅನ್ನುವ ಧೈರ್ಯ ಇರಲಿಲ್ಲ. ತಮ್ಮ ಸತ್ತಾಗ ಹೆಗಲು ಕೊಟ್ಟವರು ಅವರು.

ಚಾಚಾರನ್ನೂ ಕರೆದುಕೊಂಡು ಹುಮನಾಬಾದ್ ರಸ್ತೆಯ ಬಸ್ಸು ಹಿಡಿದು ಕಮಲಾಪುರಕ್ಕೆ ಹೊರಟೆವು. ಕಿಟಕಿಯ ಪಕ್ಕ ಕೂತಿದ್ದೆ. ಊರು ದಾಟುತ್ತಿದ್ದಂತೆ ಹೊಲಗಳಲ್ಲಿ ತೊಗರಿ ಕೊಯ್ಯುತ್ತಿದ್ದರು. ಕಟ್ಟು ಕಟ್ಟಿ ನಿಲ್ಲಿಸಿದ್ದರು, ಒಂದು ಕಡೆ ಆಗಲೇ ರಾಶಿ ಯಂತ್ರದ ಧೂಳು ಏಳುತ್ತಿತ್ತು. ಭಾವ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದರು, ಒಮ್ಮೆಯೂ ಹಿಂದೆ ತಿರುಗಲಿಲ್ಲ. ಚಾಚಾ ತಸಬಿಯ ಮಣಿ ಎಣಿಸುತ್ತಿದ್ದರು.

ಅವರ ಮನೆಯ ಅಂಗಳದಲ್ಲಿ ಕೆಂಪು ಬಾಳೆಯ ಗೊನೆಗಳು ಸಾಲಾಗಿ ಒರಗಿದ್ದವು. ಗಂಡ, ಅವನ ಇಬ್ಬರು ಅಣ್ಣಂದಿರು, ನಮ್ಮ ಭಾವ, ಚಾಚಾ ಜಮಖಾನೆಯ ಮೇಲೆ ಕೂತರು. ನಾನೂ ಆ ಹೆಂಡತಿಯೂ ಗೋಡೆಗೆ ಒರಗಿ ಒಂದೇ ಚಾಪೆಯ ಮೇಲೆ. ಕುಶಲ, ಮಳೆ, ಬೆಳೆ ಎಲ್ಲ ಆಯಿತು. ಆಮೇಲೆ ಭಾವ ಶುರುಮಾಡಿದರು. ಹಾಸುಗಲ್ಲು, ಸಾಗವಾನಿ, ಮೂಲೆಮನೆಯ ಎಂಬತ್ತೈದು. "ಎಪ್ಪತ್ತೈದು. ನಿಮ್ಮ ಮುಖ ನೋಡಿ ಎಪ್ಪತ್ನಾಕು."

ದೊಡ್ಡಣ್ಣ ನಕ್ಕು, "ಐವತ್ತಕ್ಕ ಕೊಟ್ರ ನಾಳಿನ ಇಸಾರ ಬರೀತೀವಿ" ಅಂದ. ಇಸಾರವೆಂದರೆ ಮುಂಗಡ ಕೊಟ್ಟು ಬರೆಸುವ ಕರಾರು. ಭಾವನ ದನಿ ಏರಿತು, ಅವನದೂ ಏರಿತು. ಗಂಡಸರ ಮಾತು ಗಂಡಸರಿಗೆ ಹತ್ತಿಕೊಂಡಿತು. ನಾನು ಬಾಯಿ ತೆರೆದು ಐವತ್ತೆಂಟು ಅಂದರೆ ಎಲ್ಲರೆದುರು ಭಾವನ ಮುಖಕ್ಕೆ ಹೊಡೆದಂತೆ. ಅನ್ನದಿದ್ದರೆ ಬರುವ ವಾರ ಗೊಬ್ಬರದ ಚೀಲ ನನ್ನ ಒಲೆಗಳ ಮೇಲೆ. ದೇವರೇ, ಯಾರಾದರೂ ಏನಾದರೂ ಮಾಡಿ ಎಂದು ನೆಲ ನೋಡುತ್ತ ಕೂತೆ.

ಆಗ ನನ್ನ ಕೈಯ ಮೇಲೆ ಇನ್ನೊಂದು ಕೈ ಬಂತು. ಆ ಹೆಂಡತಿ ತನ್ನ ಇಳಕಲ್ ಸೆರಗು ಎಳೆದು ನಮ್ಮಿಬ್ಬರ ಕೈ ಮುಚ್ಚಿದಳು. ಕಣ್ಣು ಮಾತ್ರ ಗಂಡಸರ ಕಡೆಗಿತ್ತು.

ನನ್ನ ಅಪ್ಪ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ಎತ್ತಿನ ಬೆಲೆಯನ್ನು ಅಲ್ಲಿ ಬಾಯಲ್ಲಿ ಹೇಳುವುದಿಲ್ಲ. ಟವೆಲಿನ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿಯುತ್ತಾರೆ. ಮೊದಲ ಹಿಡಿತ ಹತ್ತರ ಲೆಕ್ಕ, ಎರಡನೆಯದು ಬಿಡಿ. ಮೂರು ಬೆರಳು ಹಿಡಿದರೆ ಮೂರು, ಇಡೀ ಅಂಗೈ ಹಿಡಿದರೆ ಐದು, ಅಂಗೈ ಹಿಡಿದು ಮತ್ತೆ ಒಂದು ಬೆರಳೆಂದರೆ ಆರು. ಯಾರು ಎಷ್ಟು ಕೇಳಿದರು, ಎಷ್ಟು ಇಳಿದರು, ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ವ್ಯವಹಾರ ಮುರಿದರೂ ಯಾರ ಮರ್ಯಾದೆಯೂ ಹೋಗುವುದಿಲ್ಲ. ಹೆಣ್ಣುಮಕ್ಕಳು ಅದನ್ನು ಮಾಡಿದ್ದು ನಾನು ನೋಡಿರಲಿಲ್ಲ.

ಅವಳು ನನ್ನ ಅಂಗೈ ಹಿಡಿದಳು. ಐವತ್ತು. ಬಿಟ್ಟು, ಎರಡು ಬೆರಳು ಹಿಡಿದಳು. ಐವತ್ತೆರಡು.

ನಾನು ಅವಳ ಅಂಗೈ ಹಿಡಿದೆ. ಬಿಟ್ಟು, ಮತ್ತೆ ಅಂಗೈ, ಮೇಲೆ ಮೂರು ಬೆರಳು. ಐವತ್ತೆಂಟು.

ಅವಳ ಹುಬ್ಬು ಏರಿತು. ಎಪ್ಪತ್ತೈದು ಎಂದು ಭಾವ ಇನ್ನೂ ಕೂಗುತ್ತಿದ್ದರು. ಅವಳು ಐವತ್ತನಾಲ್ಕು ಒತ್ತಿದಳು. ನಾನು ಮತ್ತೆ ಅದೇ ಐವತ್ತೆಂಟು. ಅವಳು ಐವತ್ತೈದಕ್ಕೆ ಬಂದು ನಿಂತಳು, ಬೆರಳು ಸಡಿಲಿಸಿ ಕಾದಳು. ಐವತ್ತೈದಕ್ಕೆ ಶೆಡ್ಡು ಬರುತ್ತದೆ, ಕಾಗದಪತ್ರ ಆಗುವುದಿಲ್ಲ. ನನ್ನ ಕೈ ಬೆವೆತು ಅವಳ ಬಳೆಗಳು ಅಂಟಿಕೊಳ್ಳುತ್ತಿದ್ದವು. ಬಾಯಿಂದ ಮಾತಾಡಬೇಕಿದ್ದರೆ ನಾನು ಬೇಡಿಕೊಂಡು, ಅತ್ತು, ಐವತ್ತೈದಕ್ಕೇ ಒಪ್ಪಿಬಿಡುತ್ತಿದ್ದೆನೋ ಏನೋ. ಬೆರಳಿಗೆ ಅಳುವುದು ಗೊತ್ತಿರಲಿಲ್ಲ. ಅವು ಮೂರನೆಯ ಸಲವೂ ಐವತ್ತೆಂಟನ್ನೇ ಹಿಡಿದವು, ಬಿಡಲಿಲ್ಲ.

ಅವಳು ಮೊದಲ ಸಲ ನನ್ನ ಮುಖ ನೋಡಿದಳು. ಆಮೇಲೆ ನಿಧಾನವಾಗಿ ನನ್ನ ಅಂಗೈ, ಮತ್ತೆ ಅಂಗೈ, ಮೂರು ಬೆರಳು. ಸೆರಗು ತೆಗೆದಳು.

"ಸಾಕು ಬಿಡ್ರಿ ನಿಮ್ಮ ಗದ್ದಲ. ನಮ್ಮಿಬ್ಬರದು ಮುಗೀತು. ಹಣ್ಣು ತರ್ತೀನಿ, ತಿನ್ರಿ."

ಗಂಡಸರು ಬಾಯಿ ತೆರೆದಂತೆಯೇ ಕೂತರು. ದೊಡ್ಡಣ್ಣ "ಎಷ್ಟಕ್ಕ?" ಎಂದು ಕೇಳಹೊರಟ. ಅವಳ ಗಂಡ ಅವನ ತೊಡೆಯ ಮೇಲೆ ಕೈ ಇಟ್ಟ. ಬಟ್ಟೆಯ ಕೆಳಗೆ ಆದದ್ದನ್ನು ಕೇಳಬಾರದು ಎಂಬುದು ಸಂತೆ ನೋಡಿದ ಎಲ್ಲರಿಗೂ ಗೊತ್ತು. ಭಾವನಿಗೂ ಗೊತ್ತಿತ್ತು. ಅವರು ನನ್ನ ಕೈಯನ್ನೇ ನೋಡುತ್ತಿದ್ದರು, ಏನೂ ಕೇಳಲಿಲ್ಲ. ಬಾಳೆಹಣ್ಣು ಕೊಟ್ಟರೆ ತಗೊಂಡರು.

ಬಸ್ ನಿಲ್ದಾಣದ ತನಕ ಆ ಹೆಂಡತಿ ನಮ್ಮ ಜೊತೆ ನಡೆದು ಬಂದಳು. "ಶ್ರಾವಣದಾಗs ಅರವತ್ತರ ಹತ್ರ ಅಂದಿದ್ರ ಅವತ್ತs ಕುಂತು ಮಾತಾಡ್ತಿದ್ವಿ" ಎಂದು ನನ್ನ ಕಿವಿಯಲ್ಲಿ ಹೇಳಿದಳು. "ಎಪ್ಪತ್ತೈದು ಅಂದ ಕೂಡ್ಲೆ ನಮ್ಮವ್ರು ಲೆಕ್ಕಾ ಮಾಡೋದs ಬಿಟ್ರು." ಕಳೆದುಹೋದ ಆ ತಿಂಗಳುಗಳು, ಒಲೆಯ ಮುಂದೆ ದೊಡ್ಡಾಕಿ ನಿಂತ ರೀತಿ ನೆನಪಾಗಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನೋಂದಣಿಯ ದಿನ ಭಾವ ಸಾಕ್ಷಿಯಾಗಿ ಬಂದರು. ಕಾಗದ ಮುಂದಿಟ್ಟಾಗ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ಎಲ್ಲಿ ಸಹಿ, ತೋರಿಸು" ಅಂದರು. ನಾನು ಬೆರಳಿಟ್ಟ ಕಡೆ ಸಹಿ ಹಾಕಿದರು. ಹೊಸ ತೊಗರಿ ಬಜಾರಿಗೆ ಬಂದಿತ್ತು. ಮಿಲ್ಲಿನ ಮಾಲೀಕರು ಮಾತಿಗೆ ತಪ್ಪಲಿಲ್ಲ, ಶೆಡ್ಡು ನನ್ನದಾಯಿತು. ಅವತ್ತು ದೊಡ್ಡಾಕಿ ಮೊದಲ ರೊಟ್ಟಿಯನ್ನು ಒಲೆಯ ಮುಂದೆ ಇಟ್ಟು ಕೈ ಮುಗಿದಳು.

ಎಪ್ಪತ್ತೈದಕ್ಕೆ ಹೋಯಿತು ಎಂದು ಭಾವ ಓಣಿಯಲ್ಲಿ ಹೇಳುತ್ತಿದ್ದಾರೆ ಎಂದು ಯಾರೋ ಹೇಳಿದರು. ಆ ಮುದುಕನಿಂದ ಅದೊಂದನ್ನೂ ಕಿತ್ತುಕೊಳ್ಳುವ ಮನಸ್ಸಾಗಲಿಲ್ಲ.

ಮೊನ್ನೆ ಮಧ್ಯಾಹ್ನ ನಮ್ಮ ಹಳೆಯ ಓಣಿಯ ಒಬ್ಬ ಹೆಣ್ಣುಮಗಳು ಶೆಡ್ಡಿಗೆ ಬಂದಳು. ನಮ್ಮ ಮನೆಯಿಂದ ನಾಲ್ಕು ಮನೆ ಆಚೆಯವಳು. ಗಂಡ ಲಕ್ವಾ ಹೊಡೆದು ಮಲಗಿದ್ದಾನೆ, ಮನೆ ಮಾರಿ ಆಸ್ಪತ್ರೆಗೆ ಹತ್ತಿರ ಹೋಗಬೇಕು. ಭಾವ ಅಲ್ಲೇ ಬಾಗಿಲಲ್ಲಿ ಕೂತು ಜೋಳದ ಚೀಲ ತೂಗಿಸುತ್ತಿದ್ದರು, ಈಗ ದಿನಾ ಬರುತ್ತಾರೆ. ಅವಳು ಅವರಿಗೂ ಕೇಳುವಂತೆ ಹೇಳಿದಳು.

"ನಿಮ್ದು ಎಪ್ಪತ್ತೈದಕ್ಕ ಹೋತಂತ ಮಾಮಾರು ಹೇಳಿದ್ರು. ನಮ್ದು ಪೂರ್ವದ ಬಾಗಲಾ, ಅದಕ್ಕ ಎಂಬತ್ತಂತ ಬೋರ್ಡ್ ಹಾಕೀವ್ರಿ. ಬರ್ತಾರ, ನೋಡ್ತಾರ, ಮನ್ಯಾಗ ಕೇಳಿ ಹೇಳ್ತೀವಂತಾರ."

ಭಾವ ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದರು. ನಾನು ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡೆ. ಹಿಟ್ಟು ಮೆತ್ತಿದ ನನ್ನ ಸೆರಗು ಎಳೆದು ಅವಳ ಕೈ ಮುಚ್ಚಿದೆ.

"ಇವು ಹತ್ತರ ಲೆಕ್ಕ," ಎಂದು ಕಿವಿಯಲ್ಲಿ ಹೇಳಿ ಅವಳ ಅಂಗೈ ಹಿಡಿದೆ. "ಇವು ಬಿಡಿ." ಮತ್ತೆ ಅಂಗೈ, ಮೂರು ಬೆರಳು.

ಅವಳು ತುಟಿ ಅಲುಗಿಸಿ ಎಣಿಸಿದಳು.

"ಇಷ್ಟs ಏನ್ರಿ?"

"ಇಷ್ಟs ಯವ್ವಾ. ಇವತ್ತs ಬೋರ್ಡ್ ಬದಲು ಮಾಡು."